ಹಾಸ್ಯಗಾರನನ್ನು ಬಿಟ್ಟ ಸಿನಿಮಾ, ಹಾಸ್ಯಗಾರನನ್ನು ಉಳಿಸಿಕೊಂಡ ಸಿನಿಮಾ

1966ರ ‘ಎ ಮ್ಯಾನ್ ಫಾರ್ ಆಲ್ ಸೀಸನ್ಸ್’ ಚಿತ್ರವನ್ನು ಮೆಚ್ಚುವವರ ಜೊತೆ ನನಗೆ ಜಗಳವಿಲ್ಲ. ಆರು ಆಸ್ಕರ್ ಸುಮ್ಮನೆ ಬರುವುದಿಲ್ಲ. ಆದರೆ ಅದರ ಮೂಲವಾದ ರಾಬರ್ಟ್ ಬೋಲ್ಟನ ನಾಟಕವನ್ನು ಓದಿಕೊಂಡು ಆ ಚಿತ್ರ ನೋಡಲು ಕೂತವರು ಮೊದಲ ಹತ್ತು ನಿಮಿಷದಲ್ಲೇ ಒಬ್ಬನನ್ನು ಹುಡುಕತೊಡಗುತ್ತಾರೆ. ಅವನು ಬರುವುದೇ ಇಲ್ಲ.

ಅವನ ಹೆಸರು ‘ಕಾಮನ್ ಮ್ಯಾನ್’. ನಾಟಕ ಶುರುವಾಗುವುದೇ ಅವನಿಂದ. ಬುಟ್ಟಿಯೊಂದನ್ನು ಇಟ್ಟುಕೊಂಡು ರಂಗದ ಮೇಲೆ ನಿಂತು, ರಾಜರು ಕಾರ್ಡಿನಲ್‌ಗಳೇ ತುಂಬಿರುವ ನಾಟಕಕ್ಕೆ ನನ್ನಂಥವನಿಂದ ಆರಂಭ ಮಾಡಿಸಿದ್ದಾರಲ್ಲ ಎಂದು ಗೊಣಗುತ್ತಾನೆ. ಆಮೇಲೆ ಬುಟ್ಟಿಯಿಂದ ಅಂಗಿ ತೆಗೆದು ತೊಟ್ಟು ನಾಟಕದ ನಾಯಕ ಸರ್ ಥಾಮಸ್ ಮೋರನ ಮನೆವಾರ್ತೆ ನೋಡಿಕೊಳ್ಳುವ ಆಳಾಗುತ್ತಾನೆ. ಅದೇ ಬುಟ್ಟಿಯಿಂದ ಮುಂದೆ ಅಂಬಿಗ, ಹೆಂಡದಂಗಡಿಯವ, ಜೈಲಿನ ಕಾವಲಿನವ, ಜ್ಯೂರಿಯ ಮುಖಂಡ, ಕಟ್ಟಕಡೆಗೆ ಮೋರನ ತಲೆ ಕಡಿಯುವವ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದೇ ಬೇಡ. ಯಕ್ಷಗಾನದ ಹಾಸ್ಯಗಾರ ಒಂದೇ ರಾತ್ರಿಯಲ್ಲಿ ದೂತನಾಗಿ, ಬ್ರಾಹ್ಮಣನಾಗಿ, ಅಂಬಿಗನಾಗಿ ಬಂದುಹೋಗುತ್ತಾನೆ. ಪ್ರತಿಸಲವೂ ರಾಜವೇಷಗಳ ನಡುವೆ ನಿಂತು ನಮ್ಮ ಭಾಷೆಯಲ್ಲಿ ಮಾತಾಡಿ, ಸಭೆಯ ಕಡೆ ಒಂದು ಕಣ್ಣು ಹಾಯಿಸಿ ಚೌಕಿಗೆ ಮರಳುತ್ತಾನೆ. ಬೋಲ್ಟ್ ಯಕ್ಷಗಾನ ನೋಡಿದವನಲ್ಲ, ಪಾತ್ರಗಳಿಂದ ಸಭೆಯೊಡನೆ ನೇರ ಮಾತಾಡಿಸಿದ ಜರ್ಮನ್ ನಾಟಕಕಾರ ಬ್ರೆಕ್ಟನನ್ನು ಓದಿಕೊಂಡವನು. ದಾರಿ ಬೇರೆಯಾದರೂ ಬಂದು ಮುಟ್ಟಿದ್ದು ಇಲ್ಲಿಗೇ.

ಈ ಹೋಲಿಕೆಗೆ ಕೂತ ಕಾರಣ ಇಷ್ಟು. ಸಾಗರದ ಹತ್ತಿರದ ನಮ್ಮ ಹವ್ಯಾಸಿ ತಂಡಕ್ಕೆ ಮುಂದಿನ ವರ್ಷ ಆಡಲು ಒಂದು ಚಾರಿತ್ರಿಕ ನಾಟಕ ಬೇಕಿತ್ತು. ತುಘಲಕ್, ತಲೆದಂಡ, ಸಂಕ್ರಾಂತಿ ಎಲ್ಲವೂ ಈ ಸೀಮೆಯಲ್ಲಿ ಆಗಿಹೋಗಿವೆ. ನೀನಾಸಂ ರಂಗಸಂಸ್ಥೆಯ ಊರಾದ ಹೆಗ್ಗೋಡು ಇಷ್ಟು ಹತ್ತಿರವಿರುವಾಗ ಪ್ರೇಕ್ಷಕರನ್ನು ಸುಲಭಕ್ಕೆ ಒಪ್ಪಿಸಲಾಗುವುದಿಲ್ಲ. ನೀನಾಸಂ ತಿರುಗಾಟ 1985ರಿಂದ ಊರೂರು ಸುತ್ತಿ ಇಲ್ಲಿನವರ ಕಣ್ಣನ್ನು ಚೆನ್ನಾಗಿಯೇ ಪಳಗಿಸಿಬಿಟ್ಟಿದೆ. ಹಾಗಾಗಿ ಹೊರಗಿನ ನಾಟಕವೊಂದನ್ನು ಕನ್ನಡಕ್ಕೆ ತರೋಣ ಎಂಬ ಯೋಚನೆ ಬಂತು. ಓದಿ ಹೇಳಿದರೆ ಎಲ್ಲರೂ ಕೇಳುವುದಿಲ್ಲ, ಸಿನಿಮಾ ಆಗಿರುವ ನಾಟಕಗಳನ್ನೇ ಆರಿಸಿ ತೋರಿಸಿದರೆ ಹೇಗೆ ಎಂದು ಭಾವನ ಮನೆಯ ಉಪ್ಪರಿಗೆಯಲ್ಲಿ ಪ್ರೊಜೆಕ್ಟರ್ ಇಟ್ಟೆವು. ಆಷಾಢದ ಮಳೆ, ತೋಟಕ್ಕೆ ಮದ್ದು ಹೊಡೆಯಲು ಹೊಳವು ಸಿಗದ ದಿನಗಳು, ಸಂಜೆಯಾದರೆ ಯಾರಿಗೂ ಬೇರೆ ಕೆಲಸವಿಲ್ಲ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಇಂಗ್ಲಿಷ್ ಹೋಗಲಿ, ಪಕ್ಕದವರ ಕನ್ನಡವೂ ಕೇಳಿಸದು. ಸಬ್‌ಟೈಟಲ್ ಓದಿಕೊಂಡೇ ನೋಡಿದ್ದು ಹೆಚ್ಚು. ಕೂತವರಲ್ಲಿ ತಾಳಮದ್ದಲೆಯಲ್ಲಿ ಅರ್ಥ ಹೇಳುವ ಭಾವ, ನಿವೃತ್ತರಾದ ಟೀಚರಕ್ಕ, ಕಾಲೇಜಿಗೆ ಹೋಗುವ ಇಬ್ಬರು ಹುಡುಗರು ಖಾಯಂ. ಉಳಿದವರು ಬಂದು ಹೋಗುವವರು.

ಸ್ಪರ್ಧೆಯಲ್ಲಿದ್ದವು ನಾಲ್ಕು: ಬೋಲ್ಟನ ನಾಟಕದ ಎರಡು ರೂಪಗಳು (1966ರದ್ದು ಮತ್ತು 1988ರ ಟೀವಿ ಚಿತ್ರ), ‘ಬೆಕೆಟ್’ (1964), ‘ದಿ ಲಯನ್ ಇನ್ ವಿಂಟರ್’ (1968). ನಾಲ್ಕೂ ಇಂಗ್ಲೆಂಡಿನ ರಾಜರ ಕತೆ, ನಾಲ್ಕೂ ರಂಗದಿಂದ ಪರದೆಗೆ ಬಂದವು. ಮೊದಲ ಎರಡರ ಬಗ್ಗೆ ಹೆಚ್ಚು ಹೇಳುತ್ತೇನೆ, ನಮ್ಮಲ್ಲಿ ಜಗಳವಾದದ್ದು ಅವುಗಳ ಮೇಲೇ.

ಕತೆ ಗೊತ್ತಿಲ್ಲದವರಿಗೆ ಸಂಕ್ಷೇಪವಾಗಿ: ಎಂಟನೇ ಹೆನ್ರಿಗೆ ರಾಣಿ ಕ್ಯಾಥರೀನಳನ್ನು ಬಿಟ್ಟು ಆನ್ ಬೊಲಿನ್‌ಳನ್ನು ಮದುವೆಯಾಗಬೇಕು. ಪೋಪ್ ಒಪ್ಪುವುದಿಲ್ಲ. ರಾಜ ತಾನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನಾಗುತ್ತಾನೆ. ಛಾನ್ಸಲರ್, ಅಂದರೆ ರಾಜನ ಉನ್ನತ ಮಂತ್ರಿ ಆಗಿದ್ದ ಮೋರ್ 1532ರಲ್ಲಿ ಪದವಿ ಬಿಟ್ಟು ಮನೆಯಲ್ಲಿ ಕೂರುತ್ತಾನೆ. ಇದನ್ನೆಲ್ಲ ಒಪ್ಪಿದ್ದೇವೆಂದು ಎಲ್ಲರೂ ಪ್ರಮಾಣ ಮಾಡಬೇಕೆಂದು ಆಜ್ಞೆ ಬಂದಾಗ ಮಾಡುವುದಿಲ್ಲ, ಯಾಕೆ ಮಾಡುವುದಿಲ್ಲವೆಂದು ಹೇಳುವುದೂ ಇಲ್ಲ. ಮೌನವನ್ನು ಕಾನೂನು ಒಪ್ಪಿಗೆಯೆಂದೇ ಎಣಿಸುತ್ತದೆ, ಆದ್ದರಿಂದ ಸುಮ್ಮನಿದ್ದವನನ್ನು ಹಿಡಿಯಲಾಗದು ಎಂಬುದು ವಕೀಲನಾದ ಅವನ ಲೆಕ್ಕ. ಕೊನೆಗೆ ರಿಚರ್ಡ್ ರಿಚ್ ಎಂಬವನ ಸುಳ್ಳು ಸಾಕ್ಷ್ಯದ ಮೇಲೆ 1535ರ ಜುಲೈ 6ರಂದು ಅವನ ತಲೆ ತೆಗೆಯುತ್ತಾರೆ.

1966ರ ಚಿತ್ರದ ನಿರ್ದೇಶಕ ಫ್ರೆಡ್ ಝಿನ್ನೆಮನ್. ಅದಕ್ಕೂ ಮುಂಚೆ 1952ರಲ್ಲಿ ‘ಹೈ ನೂನ್’ ತೆಗೆದವನು. ಊರೆಲ್ಲ ಹಿಂದೆ ಸರಿದಾಗ ಒಬ್ಬನೇ ನಿಲ್ಲುವ ಮನುಷ್ಯನ ಕತೆ ಅವನಿಗೆ ಹೊಸದಲ್ಲ. ಮೋರ್ ಆಗಿ ಪಾಲ್ ಸ್ಕೋಫೀಲ್ಡ್. 1960ರಲ್ಲಿ ಲಂಡನ್ನಿನಲ್ಲೂ ಮರುವರ್ಷ ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲೂ ಇದೇ ಪಾತ್ರ ಆಡಿದವನು; ಒಂದೇ ಪಾತ್ರಕ್ಕೆ ರಂಗದ ಟೋನಿ, ಸಿನಿಮಾದ ಆಸ್ಕರ್ ಎರಡನ್ನೂ ಪಡೆದ. ರಂಗದಲ್ಲಿ ಅಷ್ಟು ಕಾಲ ಆಡಿದ ಪಾತ್ರವನ್ನು ಕ್ಯಾಮೆರಾ ಮುಂದೆ ಮಾಡುವಾಗ ನಟರ ದನಿ ಕಡೆಯ ಸಾಲಿಗೂ ಕೇಳಲಿ ಎಂಬಂತೆ ಏರಿಯೇ ಇರುತ್ತದೆ. ಸ್ಕೋಫೀಲ್ಡ್ ಹಾಗೆ ಮಾಡಿಲ್ಲ. ಅವನು ಎದುರಿನವನ ಮಾತು ಕೇಳಿಸಿಕೊಳ್ಳುವ ರೀತಿಯನ್ನೇ ನೋಡುತ್ತ ಕೂರಬಹುದು. ಇಡೀ ಚಿತ್ರದಲ್ಲಿ ದನಿ ತಗ್ಗಿಸಿಕೊಂಡೇ ಇದ್ದು, ತೀರ್ಪು ಬಿದ್ದ ಮೇಲೆ, ಇನ್ನು ಮುಚ್ಚಿಡುವುದೇನೂ ಉಳಿಯದಾಗ, ಒಮ್ಮೆಲೇ ಬಾಯಿ ತೆರೆಯುತ್ತಾನೆ. ಆ ಹೊತ್ತಿಗೆ ಉಪ್ಪರಿಗೆಯಲ್ಲಿ ಒಬ್ಬರೂ ಅಲುಗಲಿಲ್ಲ. ಮಳೆ ಮಾತ್ರ ತನ್ನಷ್ಟಕ್ಕೆ ಹೊಯ್ಯುತ್ತಿತ್ತು.

ಸಿನಿಮಾ ಎಂಬುದು ನಾಟಕಕ್ಕೆ ಏನು ಕೊಡಬಲ್ಲದು ಎನ್ನುವುದಕ್ಕೆ ಇಲ್ಲಿ ಎರಡು ಮೂರು ಜಾಗಗಳು ಸಾಕು. ಮೋರನಿಗೂ ಮುಂಚೆ ಛಾನ್ಸಲರ್ ಆಗಿದ್ದ ಕಾರ್ಡಿನಲ್ ವುಲ್ಸಿಯಾಗಿ ಆರ್ಸನ್ ವೆಲ್ಸ್ ಕೂತಿರುವ ಕೋಣೆ ಇಕ್ಕಟ್ಟಾದದ್ದು, ಗೋಡೆ ಕೆಂಪು, ನಿಲುವಂಗಿಯೂ ಕೆಂಪು. ಆ ದೇಹ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತದೆಂದೇ ತಿಳಿಯದು. ಅಧಿಕಾರ ಅಂದರೆ ಹೀಗಿರುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ರಾಜ ಹೆನ್ರಿ (ರಾಬರ್ಟ್ ಶಾ) ದೋಣಿಯಲ್ಲಿ ಮೋರನ ಮನೆಗೆ ಬಂದವನು ದಂಡೆಯ ಕೆಸರಿಗೆ ಧುಮುಕುತ್ತಾನೆ. ಹಿಂದೆ ನಿಂತ ಆಸ್ಥಾನಿಕರು ಒಂದು ಗಳಿಗೆ ಮುಖ ಮುಖ ನೋಡಿಕೊಳ್ಳುತ್ತಾರೆ. ರಾಜ ನಕ್ಕ ಮೇಲೆ ರೇಷ್ಮೆ ಉಡುಪಿನಲ್ಲೇ ಅವರೂ ಕೆಸರಿಗಿಳಿಯುತ್ತಾರೆ. ನಮ್ಮಲ್ಲಿ ಎಲ್ಲರೂ ನಕ್ಕದ್ದು ಇಲ್ಲಿ. ಟೀಚರಕ್ಕ ಮಾತ್ರ, ‘ನಮ್ಮ ಶಾಲೆಗೆ ಇನ್‌ಸ್ಪೆಕ್ಷನ್ನಿಗೆ ಬರ್ತಿದ್ರಲ್ಲ, ಥೇಟ್ ಹೀಗೇ’ ಎಂದರು. ಇನ್ನೊಂದು, ಮೋರ್ ಸೆರೆಯಲ್ಲಿರುವಾಗ ಕಿಟಕಿಯಾಚೆ ಕಾಲ ಬದಲಾಗುತ್ತ ಹೋಗುವ ದೃಶ್ಯ. ರಂಗದಲ್ಲಿ ಒಂದು ಸಾಲು ಮಾತಿನಲ್ಲಿ ಹೇಳಬೇಕಾದ್ದನ್ನು ಇಲ್ಲಿ ಕಣ್ಣಿಗೆ ಬಿಟ್ಟಿದ್ದಾರೆ. ಛಾಯಾಗ್ರಾಹಕ ಟೆಡ್ ಮೂರ್ ಜೇಮ್ಸ್ ಬಾಂಡ್ ಚಿತ್ರಗಳಿಗೆ ಕ್ಯಾಮೆರಾ ಹಿಡಿದವನೆಂದರೆ ಹುಡುಗರು ನಂಬಲಿಲ್ಲ.

ನಾಟಕದಲ್ಲಿ ಇಲ್ಲದ ಆನ್ ಬೊಲಿನ್ ಚಿತ್ರದಲ್ಲಿ ಮದುವೆಯ ದೃಶ್ಯದಲ್ಲಿ ಮಿಂಚಿ ಮಾಯವಾಗುತ್ತಾಳೆ. ಆಡಿದ್ದು ವನೆಸ್ಸಾ ರೆಡ್‌ಗ್ರೇವ್. ನಾಟಕದಲ್ಲಿದ್ದ ಸ್ಪೇನಿನ ರಾಯಭಾರಿ ಚಿತ್ರದಲ್ಲಿಲ್ಲ, ಅವನಿಲ್ಲದ್ದು ಯಾರಿಗೂ ಗೊತ್ತಾಗುವುದೂ ಇಲ್ಲ. ಆದರೆ ಕಾಮನ್ ಮ್ಯಾನ್? ಅವನನ್ನು ಕತ್ತರಿಸಿ ಆಳು, ಅಂಬಿಗ, ಕಾವಲಿನವ ಎಂದು ಬೇರೆ ಬೇರೆ ನಟರಿಗೆ ಹಂಚಿಬಿಟ್ಟಿದ್ದಾರೆ. ಹೀಗೆ ಮಾಡಿದ್ದು ಯಾರೋ ನಿರ್ಮಾಪಕನ ಬಲವಂತವಲ್ಲ ಎಂಬುದನ್ನು ಗಮನಿಸಬೇಕು: ಚಿತ್ರಕಥೆ ಬೋಲ್ಟನದೇ, ಅದಕ್ಕೆ ಆಸ್ಕರೂ ಬಂತು. ‘ಲಾರೆನ್ಸ್ ಆಫ್ ಅರೇಬಿಯಾ’, ‘ಡಾಕ್ಟರ್ ಝಿವಾಗೊ’ ಬರೆದು ಕೈ ಪಳಗಿದ್ದವನು. ಸಿನಿಮಾದಲ್ಲಿ ನಟನೊಬ್ಬ ಕ್ಯಾಮೆರಾ ಕಡೆ ತಿರುಗಿ ಮಾತಾಡಿದರೆ ನದಿ, ಕೆಸರು, ಕಲ್ಲಿನ ಗೋಡೆಗಳೆಲ್ಲ ಸುಳ್ಳಾಗಿ ಕಾಣುತ್ತವೆ ಎಂದು ಅವನಿಗೆ ಗೊತ್ತಿದ್ದೀತು.

ಸರಿಯೇ. ಹಾಗೆ ಬಿಟ್ಟಿದ್ದರಿಂದ ಚಿತ್ರ ಬಿಗಿಯಾಯಿತು, ಎರಡು ಗಂಟೆಯಲ್ಲಿ ಮುಗಿಯಿತು. ಆದರೆ ನಾಟಕದ ಅರ್ಥವೇ ಸ್ವಲ್ಪ ಬದಲಾಯಿತು ಎಂಬುದು ನನ್ನ ತಕರಾರು. ರಂಗದ ಮೇಲೆ ಮೋರನನ್ನು ಕೊಲ್ಲುವುದು ಬರೀ ರಾಜನ ಮಂತ್ರಿ ಕ್ರಾಮ್‌ವೆಲ್ ಅಲ್ಲ. ಆಳು ಯಜಮಾನನ ವಿಷಯವನ್ನು ಕಾಸಿಗೆ ಮಾರುತ್ತಾನೆ, ಮಾರುವುದೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿಯೇ ಆದ್ದರಿಂದ ಮೋಸವೇನೂ ಆಗಲಿಲ್ಲ ಎಂದುಕೊಳ್ಳುತ್ತಾನೆ. ಕಾವಲಿನವನಿಗೆ ಕೈದಿಯ ಮಾತನ್ನು ವರದಿ ಮಾಡಿದರೆ ಐವತ್ತು ಗಿನಿ ಎಂಬ ಆಮಿಷ ಬಂದಾಗ, ಅಷ್ಟು ದೊಡ್ಡ ಮೊತ್ತ ಆಸೆ ಹುಟ್ಟಿಸುವುದಿಲ್ಲ, ಹೆದರಿಕೆ ಹುಟ್ಟಿಸುತ್ತದೆ ಎಂದು ಹಿಂದೆ ಸರಿಯುತ್ತಾನೆ. ಒಂದೊಂದು ವೇಷದಲ್ಲೂ ಸಣ್ಣದೊಂದು ರಾಜಿ, ಸಣ್ಣದೊಂದು ಜಾಣತನ. ನಾವು ಪ್ರತಿಸಲ ನಗುತ್ತೇವೆ, ಯಾಕೆಂದರೆ ಅವನ ಜಾಗದಲ್ಲಿ ನಾವೂ ಅದನ್ನೇ ಮಾಡುವವರು. ಕೊನೆಗೆ ಕೊಡಲಿ ಹಿಡಿದು ನಿಂತವನೂ ಅವನೇ ಎಂದು ಕಂಡಾಗ ಅಷ್ಟು ಹೊತ್ತು ನಕ್ಕವರಿಗೆ ಗಂಟಲು ಕಟ್ಟಬೇಕು. ಚಿತ್ರದಲ್ಲಿ ಇದಿಲ್ಲ. ಅಲ್ಲಿ ಮೋರ್ ಒಳ್ಳೆಯವ, ಕ್ರಾಮ್‌ವೆಲ್ (ಲಿಯೋ ಮೆಕರ್ನ್) ಕೆಟ್ಟವ, ರಿಚ್ (ಆಗ ಇನ್ನೂ ಹೆಸರಾಗದ ಜಾನ್ ಹರ್ಟ್) ದುರ್ಬಲ. ನೋಡುವ ನಾವು ನಿಶ್ಚಿಂತೆಯಿಂದ ಮೋರನ ಪಕ್ಕದಲ್ಲಿ ಕೂರುತ್ತೇವೆ. ಲಂಡನ್ನಿನ ರಂಗದಲ್ಲಿ ಇದೇ ಮೆಕರ್ನ್ ಕಾಮನ್ ಮ್ಯಾನ್ ಆಡುತ್ತಿದ್ದ, ಬ್ರಾಡ್‌ವೇಗೆ ಹೋದಾಗ ಕ್ರಾಮ್‌ವೆಲ್ ಆದ!

ಬೋಲ್ಟನ ಬದುಕಿನ ಒಂದು ಸಂಗತಿ ಇಲ್ಲಿ ಹೇಳದೆ ಇರಲಾರೆ. ನಾಟಕ ರಂಗಕ್ಕೆ ಬಂದ ಮರುವರ್ಷ, 1961ರಲ್ಲಿ, ಅಣ್ವಸ್ತ್ರ ವಿರೋಧಿ ಚಳವಳಿಯಲ್ಲಿ ಅವನು ಜೈಲಿಗೆ ಹೋದ. ಮುಚ್ಚಳಿಕೆ ಬರೆದುಕೊಟ್ಟರೆ ಬಿಡುತ್ತೇವೆ ಎಂದಾಗ ಮೊದಲು ಒಪ್ಪಲಿಲ್ಲ. ‘ಲಾರೆನ್ಸ್’ ಚಿತ್ರದ ಕೆಲಸ ನಿಂತಿತ್ತು. ನಿರ್ಮಾಪಕ ಬಂದು ಒತ್ತಾಯಿಸಿದ ಮೇಲೆ ಸಹಿ ಹಾಕಿ ಹೊರಬಂದ. ಅದಕ್ಕಾಗಿ ಆಮೇಲೆ ಪರಿತಪಿಸಿದ. ಸಹಿ ಹಾಕದೆ ಸತ್ತವನ ನಾಟಕ ಬರೆದವನು ಸಹಿ ಹಾಕಿದ ಮನುಷ್ಯ. ಕಾಮನ್ ಮ್ಯಾನ್ ಯಾಕೆ ಅಷ್ಟು ಜೀವಂತನಾಗಿದ್ದಾನೆ ಎಂದು ಯೋಚಿಸುವಾಗೆಲ್ಲ ನನಗೆ ಇದು ನೆನಪಾಗುತ್ತದೆ, ಆ ಪಾತ್ರ ಹುಟ್ಟಿದ್ದು ಅದಕ್ಕೂ ಮೊದಲೇ ಆಗಿದ್ದರೂ.

ಇನ್ನು 1988ರದ್ದು. ಚಾರ್ಲ್‌ಟನ್ ಹೆಸ್ಟನ್ ತಾನೇ ನಿರ್ದೇಶಿಸಿ ತಾನೇ ಮೋರ್ ಆಗಿ ಅಮೆರಿಕದ ಟೀವಿಗೆ ಮಾಡಿದ್ದು. ಕಾಮನ್ ಮ್ಯಾನ್ ಇದ್ದಾನೆ! ಆಡಿದವನು ರಾಯ್ ಕಿನ್ನೀರ್ ಎಂಬ ದುಂಡನೆಯ ಹಾಸ್ಯನಟ. ಚಿತ್ರ ಪ್ರಸಾರವಾಗುವ ಹೊತ್ತಿಗೆ ಅವನು ತೀರಿಕೊಂಡಿದ್ದ. ಸ್ಪೇನಿನಲ್ಲಿ ಬೇರೊಂದು ಚಿತ್ರೀಕರಣದ ವೇಳೆ ಕುದುರೆಯಿಂದ ಬಿದ್ದು. ಅವನು ಪರದೆಗೆ ಬಂದಾಗಲೆಲ್ಲ ಭಾವ ಸರಿಯಾಗಿ ಕೂತುಕೊಳ್ಳುತ್ತಿದ್ದ. ‘ಈಗ ಪ್ರಸಂಗಕ್ಕೆ ಕಳೆ ಬಂತು ನೋಡು ಮಾರಾಯ’ ಎಂದು ಹೇಳಿದ್ದೂ ಉಂಟು. ನ್ಯಾಯಾಲಯದ ದೃಶ್ಯದಲ್ಲಿ ಅವನನ್ನು ಜ್ಯೂರಿಯ ಮುಖಂಡನಾಗಿ ಎಳೆದು ಕೂರಿಸುವ ಜಾಗದಲ್ಲಿ 1966ರ ಚಿತ್ರದ ಯಾವ ದೃಶ್ಯವೂ ಕೊಡದ ಮುಜುಗರವನ್ನು ಇದು ಕೊಡುತ್ತದೆ. ಬೋಲ್ಟನ ಪಠ್ಯದಲ್ಲಿ ಜ್ಯೂರಿಯ ಉಳಿದವರೆಲ್ಲ ಕೋಲಿಗೆ ಸಿಕ್ಕಿಸಿದ ಟೋಪಿಗಳು, ತಲೆಯಿರುವವನು ಇವನೊಬ್ಬನೇ. ತಪ್ಪಿಸಿಕೊಳ್ಳಲು ನೋಡುತ್ತಾನೆ, ಆಗುವುದಿಲ್ಲ.

ಆದರೆ ಉಳಿದದ್ದೇನು? ಹೆಸ್ಟನ್ ಈ ಪಾತ್ರವನ್ನು ರಂಗದಲ್ಲಿ ಬೇಕಾದಷ್ಟು ಆಡಿದವನು, ಮಾತು ಸ್ಪಷ್ಟ, ನಿಲುವು ಭವ್ಯ. ಆ ಭವ್ಯತೆಯೇ ತೊಡಕು. ಬೋಲ್ಟನ ಮೋರ್ ಸಾಯಲು ಆಸೆಪಡುವವನಲ್ಲ. ಕಾನೂನಿನ ಸಂದುಗೊಂದಿನಲ್ಲಿ ಎಲ್ಲಿಯಾದರೂ ನುಸುಳಿ ಬದುಕುವ ದಾರಿ ಇದೆಯೇ ಎಂದು ಕೊನೆಯವರೆಗೂ ಹುಡುಕುವವನು. ಹೆಸ್ಟನ್ ಮೊದಲ ದೃಶ್ಯದಿಂದಲೇ ಹುತಾತ್ಮನಾಗಲು ಹೊರಟವನಂತೆ ಕಾಣುತ್ತಾನೆ. ಬೈಬಲಿನ ಪ್ರವಾದಿಯನ್ನು ಆಡಿದ್ದ ನಟ ಎಂಬ ನೆನಪು ನಮ್ಮ ತಲೆಯಿಂದ ಹೋಗದ್ದೂ ಕಾರಣವಿರಬಹುದು. ಟೀವಿಯ ಬೆಳಕು ಎಲ್ಲ ಮೂಲೆಗೂ ಒಂದೇ ಸಮ ಬಿದ್ದಿದೆ, ಮಾತು ಒಂದನ್ನೂ ಬಿಟ್ಟಿಲ್ಲ ಎಂಬಷ್ಟು ಉದ್ದ. ಕರೆಂಟ್ ಹೋಗಿ ಬಂದ ಮೇಲೆ ಹುಡುಗರಿಬ್ಬರೂ ಮರಳಿ ಕೂರಲಿಲ್ಲ. ವನೆಸ್ಸಾ ರೆಡ್‌ಗ್ರೇವ್ ಇಲ್ಲಿ ಮೋರನ ಹೆಂಡತಿ ಆಲಿಸ್. ಗಂಡನ ಹಟವನ್ನು ಅರ್ಥಮಾಡಿಕೊಳ್ಳದೆ, ಆದರೂ ಬಿಟ್ಟುಕೊಡದೆ ನಿಲ್ಲುವ ಜೈಲಿನ ದೃಶ್ಯವನ್ನು ಚೆನ್ನಾಗಿ ಆಡಿದ್ದಾಳೆ. ಆದರೂ 1966ರ ವೆಂಡಿ ಹಿಲ್ಲರ್ ಪಕ್ಕದಲ್ಲಿಟ್ಟರೆ ನನ್ನ ಓಟು ಹಿಲ್ಲರಿಗೆ. ಆಲಿಸ್ ಓದುಬರಹ ಬಾರದ ಒರಟು ಹೆಂಗಸು, ಕೋಪವೇ ಅವಳ ಪ್ರೀತಿ. ಹಿಲ್ಲರ್ ಮುಖದಲ್ಲಿ ಅದು ಬೇರೆ ಬೇರೆಯಾಗಿ ಕಾಣುವುದೇ ಇಲ್ಲ.

ಎರಡೂ ರೂಪಗಳಲ್ಲಿ ಉಳಿದಿರುವ, ನಮ್ಮಲ್ಲಿ ಅತಿ ಹೆಚ್ಚು ಚರ್ಚೆಯಾದ ಸಂಭಾಷಣೆ ಒಂದಿದೆ. ಮೋರನ ಅಳಿಯನಾಗಲಿರುವ ರೋಪರ್, ಸೈತಾನನನ್ನು ಹಿಡಿಯಲು ಅಡ್ಡ ಬಂದರೆ ಇಂಗ್ಲೆಂಡಿನ ಎಲ್ಲ ಕಾನೂನುಗಳನ್ನೂ ಕಡಿದು ಹಾಕುತ್ತೇನೆ ಎನ್ನುತ್ತಾನೆ. ಮೋರ್ ಕೇಳುತ್ತಾನೆ: ಕರಾವಳಿಯಿಂದ ಕರಾವಳಿಯವರೆಗೆ ದಟ್ಟವಾಗಿ ನೆಟ್ಟ ಮರಗಳು ಈ ಕಾನೂನುಗಳು, ಎಲ್ಲ ಕಡಿದ ಮೇಲೆ ಸೈತಾನ ನಿನ್ನ ಕಡೆಗೇ ತಿರುಗಿದರೆ ಎಲ್ಲಿ ಅಡಗುತ್ತೀಯ, ಆಮೇಲೆ ಬೀಸುವ ಗಾಳಿಯಲ್ಲಿ ನಿಲ್ಲಬಲ್ಲೆಯಾ? ಅಡಿಕೆ ತೋಟದ ಮೇಲಿನ ಗುಡ್ಡ ಬೋಳಾದರೆ ಗಾಳಿ ಏನು ಮಾಡುತ್ತದೆ ಎಂದು ತಿಳಿದವರ ಮುಂದೆ ಈ ಮಾತಿಗೆ ಟಿಪ್ಪಣಿ ಬೇಕಾಗಲಿಲ್ಲ. ಸ್ಕೋಫೀಲ್ಡ್ ಇದನ್ನು ಸಿಡುಕಿ ಹೇಳುತ್ತಾನೆ, ಉಪನ್ಯಾಸವಾಗಲು ಬಿಡುವುದಿಲ್ಲ.

ಒಂದು ಆಕ್ಷೇಪ ಟೀಚರಕ್ಕನದು, ನ್ಯಾಯವಾದದ್ದು. ಚರಿತ್ರೆಯ ಮೋರ್ ಛಾನ್ಸಲರ್ ಆಗಿದ್ದಾಗ ಧರ್ಮದ್ರೋಹದ ಆಪಾದನೆಯಲ್ಲಿ ಆರು ಜನರನ್ನು ಸುಟ್ಟಿದ್ದಾರೆ. ಬೋಲ್ಟನ ನಾಟಕದಲ್ಲೂ ಇಲ್ಲ, ಎರಡು ಚಿತ್ರಗಳಲ್ಲೂ ಇಲ್ಲ. ‘ಆತ್ಮಸಾಕ್ಷಿ ಅಂದ್ರೆ ಅವನೊಬ್ಬನಿಗೇನಾ?’ ಎಂದು ಅವರು ಕೇಳಿದ್ದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

‘ಬೆಕೆಟ್’ಗೆ ಬರೋಣ. ಮೂಲ ಫ್ರೆಂಚ್, ಝಾನ್ ಅನೂಯಿಯ 1959ರ ನಾಟಕ. ಎರಡನೇ ಹೆನ್ರಿ ತನ್ನ ಗೆಳೆಯ ಥಾಮಸ್ ಬೆಕೆಟನನ್ನೇ ಆರ್ಚ್‌ಬಿಷಪ್ ಮಾಡಿ, ಅವನು ಚರ್ಚಿನ ಪರವಾಗಿ ತಿರುಗಿದಾಗ ಸಹಿಸಲಾರದೆ ಆಡಿದ ಮಾತಿನಿಂದ 1170ರ ಡಿಸೆಂಬರ್ 29ರಂದು ಕ್ಯಾಂಟರ್‌ಬರಿ ಕೆಥೀಡ್ರಲ್ಲಿನೊಳಗೇ ಕೊಲೆಯಾಗುತ್ತದೆ. ರಿಚರ್ಡ್ ಬರ್ಟನ್ ಬೆಕೆಟ್, ಪೀಟರ್ ಓಟೂಲ್ ಹೆನ್ರಿ. ಬ್ರಾಡ್‌ವೇಯಲ್ಲಿ ನಿರ್ದೇಶಿಸಿದ್ದ ಪೀಟರ್ ಗ್ಲೆನ್‌ವಿಲ್ಲನೇ ಚಿತ್ರವನ್ನೂ ನಿರ್ದೇಶಿಸಿದ. ಹನ್ನೆರಡು ಆಸ್ಕರ್ ನಾಮನಿರ್ದೇಶನ, ಬಂದದ್ದು ಚಿತ್ರಕಥೆಗೆ ಒಂದೇ.

ಅನೂಯಿ ಈ ನಾಟಕ ಬರೆದದ್ದು ಹಳೆಯ ಪುಸ್ತಕದಂಗಡಿಯಲ್ಲಿ ಹಸಿರು ರಟ್ಟಿನ ಅಂದಕ್ಕೆ ಮರುಳಾಗಿ ಕೊಂಡ ಚರಿತ್ರೆಯ ಪುಸ್ತಕವೊಂದನ್ನು ಓದಿ. ಅದರಲ್ಲಿ ಬೆಕೆಟ್ ಸ್ಯಾಕ್ಸನ್, ಅಂದರೆ ಸೋತ ಜನಾಂಗದವನು ಎಂದಿತ್ತು. ನಿಜದಲ್ಲಿ ಅವನು ನಾರ್ಮನ್, ಗೆದ್ದ ಜನಾಂಗದವನು. ಚರಿತ್ರಕಾರರೊಬ್ಬರು ತಿದ್ದಿದರೂ ಅನೂಯಿ ಹಾಗೇ ಬಿಟ್ಟ, ಗೆದ್ದವನು-ಸೋತವನ ನಡುವಿನ ಗೆಳೆತನವೇ ನಾಟಕದ ಬೇರಾಗಿತ್ತಲ್ಲ. ಚಿತ್ರದಲ್ಲಿ ಈ ಬೇರು ಗಟ್ಟಿಯಾಗಿಯೇ ಇದೆ. ಮೊದಲರ್ಧ, ಇಬ್ಬರೂ ಸೇರಿ ಮೆರೆಯುವ ಭಾಗ, ಓಟೂಲನ ಕೈಯಲ್ಲಿ ಉರಿದುಹೋಗುತ್ತದೆ. ಬೆಕೆಟ್ ಧರ್ಮಗುರುವಾದ ಮೇಲೆ ಬರ್ಟನ್ ಕಲ್ಲಿನಂತಾಗಿಬಿಡುತ್ತಾನೆ, ಚಿತ್ರವೂ. ಕಡಲ ದಂಡೆಯಲ್ಲಿ ಇಬ್ಬರೂ ಕುದುರೆ ಮೇಲೆ ಎದುರಾಗುವ ದೃಶ್ಯ ಒಂದನ್ನು ಬಿಟ್ಟರೆ ಎರಡನೇ ಅರ್ಧದಲ್ಲಿ ನಮಗೆ ಹಿಡಿಸಿದ್ದು ಕಡಿಮೆ. ಕೆಥೀಡ್ರಲ್ಲಿನ ಸೆಟ್ ದೊಡ್ಡದಾದಷ್ಟೂ ಮನುಷ್ಯರು ಸಣ್ಣದಾಗಿ ಕಂಡರು. ನಮ್ಮ ತಂಡಕ್ಕೆ ಇದು ಆಗಿಬರುವುದಿಲ್ಲ ಎಂದು ಆ ರಾತ್ರಿಯೇ ಎಲ್ಲರೂ ಒಪ್ಪಿದರು.

‘ದಿ ಲಯನ್ ಇನ್ ವಿಂಟರ್’ ಅಚ್ಚರಿ ತಂದದ್ದು. ಜೇಮ್ಸ್ ಗೋಲ್ಡ್‌ಮನ್ನನ 1966ರ ನಾಟಕ ಬ್ರಾಡ್‌ವೇಯಲ್ಲಿ ಹೆಚ್ಚು ಓಡಲಿಲ್ಲ. ಎರಡು ವರ್ಷದ ನಂತರ ಬಂದ ಚಿತ್ರ ಮೂರು ಆಸ್ಕರ್ ಗೆದ್ದಿತು. ಮತ್ತೆ ಎರಡನೇ ಹೆನ್ರಿ, ಮತ್ತೆ ಓಟೂಲ್. ‘ಬೆಕೆಟ್’ನಲ್ಲಿ ತರುಣ ರಾಜನಾಗಿದ್ದವನು ಇಲ್ಲಿ ಐವತ್ತರ ಮುದಿ ಸಿಂಹ, ನಟನ ವಯಸ್ಸು ಮೂವತ್ತಾರರ ಆಸುಪಾಸು. ಅವನ ರಾಣಿ ಎಲೀನರ್ ಆಗಿ ಕ್ಯಾಥರೀನ್ ಹೆಪ್‌ಬರ್ನ್. ಕಾಲ 1183ರ ಕ್ರಿಸ್‌ಮಸ್. ಹಿರಿಯ ಮಗ ಸತ್ತಿದ್ದಾನೆ, ಉಳಿದ ಮೂವರಲ್ಲಿ ಪಟ್ಟ ಯಾರಿಗೆ? ಬಂಡಾಯಕ್ಕೆ ಕುಮ್ಮಕ್ಕು ಕೊಟ್ಟಳೆಂದು ಸೆರೆಯಲ್ಲಿಟ್ಟ ಹೆಂಡತಿಯನ್ನು ಹಬ್ಬಕ್ಕೆಂದು ಕರೆಸಿಕೊಂಡಿದ್ದಾನೆ. ಶಿನೋನ್ ಕೋಟೆಯಲ್ಲಿ ಹಾಗೊಂದು ಹಬ್ಬದ ಸೇರುವಿಕೆ ಚರಿತ್ರೆಯಲ್ಲಿ ನಡೆದದ್ದಲ್ಲ, ನಾಟಕಕಾರನ ಕಲ್ಪನೆ.

ಚಿತ್ರದ ತುಂಬ ಮಾತು, ಮಾತು. ಒಬ್ಬರ ಮಾತನ್ನು ಇನ್ನೊಬ್ಬರು ಹಿಡಿದು ತಿರುಗಿಸಿ ಚುಚ್ಚುವ ರೀತಿಗೆ ಭಾವ ಮನಸೋತ. ನಿರ್ದೇಶಕ ಆಂಥನಿ ಹಾರ್ವೆ ಅರಮನೆಯನ್ನು ಬಡತನದಲ್ಲಿ ತೋರಿಸಿದ್ದಾನೆ: ಅಂಗಳದಲ್ಲಿ ನಾಯಿ, ಕೋಳಿ; ಬೆಳಗಾದರೆ ರಾಜ ಮುಖ ತೊಳೆಯುವ ಬೋಗುಣಿಯ ನೀರಿನ ಮೇಲಿನ ಮಂಜುಗಡ್ಡೆ ಒಡೆಯಬೇಕು. ಈ ಚಳಿ, ಈ ಕೊಳೆ ಇರುವುದರಿಂದ ನಾಟಕದ ಅತಿ ನಯವಾದ ಮಾತುಗಳಿಗೆ ಒಂದು ನೆಲ ಸಿಕ್ಕಿದೆ. ಫ್ರಾನ್ಸಿನ ರಾಜನ ಕೋಣೆಯಲ್ಲಿ ಮೂವರು ಮಕ್ಕಳೂ ಪರದೆಯ ಹಿಂದೆ ಅಡಗಿಕೊಂಡು ಅಪ್ಪನ ಮಾತು ಕೇಳುವ ದೃಶ್ಯ ಅಪ್ಪಟ ರಂಗತಂತ್ರ, ಅದನ್ನು ಬಿಟ್ಟಿಲ್ಲ, ಮುಚ್ಚಿಡಲೂ ಹೋಗಿಲ್ಲ. ಆಂಥನಿ ಹಾಪ್ಕಿನ್ಸ್, ಟಿಮೊಥಿ ಡಾಲ್ಟನ್ ಇಬ್ಬರಿಗೂ ಇದು ಮೊದಲ ದೊಡ್ಡ ಚಿತ್ರ. ಹೆಪ್‌ಬರ್ನಳಿಗೆ ಆ ವರ್ಷದ ನಟಿ ಪ್ರಶಸ್ತಿ ಬಾರ್ಬ್ರಾ ಸ್ಟ್ರೈಸಂಡ್ ಜೊತೆ ಸಮಪಾಲು.

ನಾಲ್ಕರಲ್ಲಿ ನೋಡಿಸಿಕೊಂಡು ಹೋಗುವುದು ಯಾವುದು ಎಂದು ಕೇಳಿದರೆ ಇದೇ. ಮಧ್ಯೆ ಎದ್ದು ಹೋದವರಿಲ್ಲ. ಆದರೆ ಮಾರನೆಯ ದಿನಕ್ಕೆ ಉಳಿದದ್ದು ಚೂಪು ಮಾತುಗಳಷ್ಟೇ. ಪಟ್ಟ ಯಾರಿಗಾದರೇನು ಎನಿಸುವಂತೆ ಮುಗಿಯುತ್ತದೆ, ಹಬ್ಬ ಮುಗಿಸಿ ಎಲ್ಲರೂ ಇದ್ದಲ್ಲಿಗೇ ಮರಳುತ್ತಾರೆ. ಮೋರನ ಚಿತ್ರ ಹಾಗಲ್ಲ. ವಾರ ಕಳೆದ ಮೇಲೂ ಪೇಟೆಯಲ್ಲಿ ಸಿಕ್ಕ ಹುಡುಗನೊಬ್ಬ, ‘ಅಲ್ಲ, ಸುಳ್ಳು ಪ್ರಮಾಣ ಮಾಡಿ ಮನಸ್ಸಲ್ಲಿ ಬೇರೆ ಅಂದ್ಕೊಂಡಿದ್ರೆ ಆಗ್ತಿರ್ಲಿಲ್ವಾ?’ ಎಂದು ವಾದಕ್ಕಿಳಿದ. ಮೋರನ ಮಗಳು ಮಾರ್ಗರೆಟ್ ಜೈಲಿನಲ್ಲಿ ಕೇಳುವುದೂ ಇದನ್ನೇ.

ಕನ್ನಡದಲ್ಲಿ ಈ ಕೆಲಸ ಮಾಡಿದವರು ಇಲ್ಲವೆಂದಲ್ಲ. ಮಾಸ್ತಿಯವರ ‘ಕಾಕನಕೋಟೆ’ಯನ್ನು ಸಿ.ಆರ್. ಸಿಂಹ 1977ರಲ್ಲಿ ಚಿತ್ರ ಮಾಡಿದರು. ಅಲ್ಲಿ ಕಾಡು ನಿಜವಾದ ಕಾಡಾಯಿತು, ಸಿ. ಅಶ್ವತ್ಥರ ಸಂಗೀತದಲ್ಲಿ ಹಾಡುಗಳು ನಾಟಕಕ್ಕಿಂತ ದೂರ ಹೋದವು. ತುಘಲಕ್ ಪಾತ್ರದಿಂದ ಹೆಸರಾದ ಅದೇ ಸಿಂಹ ‘ತುಘಲಕ್’ ನಾಟಕವನ್ನು ಚಿತ್ರ ಮಾಡಿದ್ದರೆ ಹೇಗಿರುತ್ತಿತ್ತು ಎಂದು ಕೇಳಿಕೊಳ್ಳಬಹುದು. ಅಲ್ಲಿಯೂ ವೇಷ ಬದಲಿಸುವ ಒಬ್ಬ ಇದ್ದಾನೆ: ಅಗಸ ಅಜೀಜ್, ಬ್ರಾಹ್ಮಣನಾಗಿ ದಾವೆ ಹೂಡಿ, ಕೊನೆಗೆ ಖಲೀಫರ ವಂಶದವನಾಗಿ ಸುಲ್ತಾನನ ಎದುರು ನಿಲ್ಲುವವನು. ಆದರೆ ಅವನನ್ನು ಬೋಲ್ಟ್ ಕಾಮನ್ ಮ್ಯಾನನನ್ನು ಕತ್ತರಿಸಿದಷ್ಟು ಸುಲಭವಾಗಿ ಕತ್ತರಿಸಲಾಗದು, ಕಾರ್ನಾಡರು ಅವನನ್ನು ಕತೆಯ ಒಳಕ್ಕೇ ಹೆಣೆದುಬಿಟ್ಟಿದ್ದಾರೆ. ಅಜೀಜ್ ಸಭೆಯ ಕಡೆ ತಿರುಗಿ ಮಾತಾಡಬೇಕಿಲ್ಲ, ಸುಲ್ತಾನನ ಒಂದೊಂದು ಆದರ್ಶವನ್ನೂ ತನ್ನ ಲಾಭಕ್ಕೆ ತಿರುಗಿಸಿಕೊಂಡರೆ ಸಾಕು.

ತಂಡದ ತೀರ್ಮಾನ ಬೋಲ್ಟನ ನಾಟಕದ ಕಡೆಗೇ ವಾಲಿದೆ. ಕಾಮನ್ ಮ್ಯಾನ್ ಸಮೇತ, ಹೆಸ್ಟನ್‌ನ ಭವ್ಯತೆ ಇಲ್ಲದೆ. ನೀವು ಮನೆಯಲ್ಲಿ ನೋಡುವವರಾದರೆ 1966ರದ್ದನ್ನು ಪೂರ್ತಿ ನೋಡಿ, ಅದಕ್ಕೂ ಮುಂಚೆ ನಾಟಕದ ಮೊದಲ ಪುಟಗಳನ್ನಾದರೂ ಓದಿ. 1988ರದ್ದರಲ್ಲಿ ಕಿನ್ನೀರ್ ಬರುವ ಭಾಗಗಳನ್ನು ಹುಡುಕಿ ನೋಡಿದರೆ ನಡೆಯುತ್ತದೆ, ವಿಚಾರಣೆಯ ದೃಶ್ಯವನ್ನಂತೂ ಬಿಡಬೇಡಿ. ‘ಬೆಕೆಟ್’ ಮಧ್ಯಂತರದವರೆಗೆ. ಭಾವನ ವಾದವೇ ಬೇರೆ. ದೀಪಾವಳಿಗೆ ಮಕ್ಕಳು ಮೂವರೂ ಬ್ಯಾಗು ಹೊತ್ತು ಬೆಂಗಳೂರಿಂದ ಬಂದಾಗ, ತೋಟದ ಪಾಲಿನ ಮಾತು ಯಾರಾದರೂ ಎತ್ತುವ ಮೊದಲೇ, ‘ಲಯನ್ ಇನ್ ವಿಂಟರ್’ ಹಾಕಿ ಕೂರಿಸುತ್ತಾನಂತೆ. ಅತ್ತಿಗೆ ಬೇಡವೆಂದಿದ್ದಾರೆ.